ಪಂಚಾಯಿತಿ ಡಬ್ಬಿಯ ಕೆಂಪು ಲೈಟು ಮತ್ತು ನಮ್ಮ ಚಿಪ್ ರಾಜಕಾರಣ

ಕಳೆದ ಬೇಸಿಗೆಯಲ್ಲಿ ಪಹಣಿ ತೆಗೆಸೋಕೆ ಅಂತ ಸೋದರಮಾವನ ಜೊತೆ ನಮ್ಮೂರ ಗ್ರಾಮ ಪಂಚಾಯಿತಿಗೆ ಹೋಗಿದ್ದೆ. ಬಾಪೂಜಿ ಸೇವಾ ಕೇಂದ್ರದ ಕಂಪ್ಯೂಟರ್ ಆಪರೇಟರ್ ಏನೂ ಹೇಳದೆ ಗೋಡೆ ಕಡೆ ಕೈ ತೋರಿಸಿದರು. ಅಲ್ಲಿ ಮೊಳೆಗೆ ನೇತುಹಾಕಿದ್ದ ಬಿಳಿ ಡಬ್ಬಿಯಲ್ಲಿ ‘ಎಲ್‌ಒಎಸ್’ ಅಂತ ಬರೆದಿದ್ದ ಕಡೆ ಒಂದು ಕೆಂಪು ಲೈಟು ಮಿಣುಕುತ್ತಿತ್ತು. “ನೆಟ್ ಇಲ್ಲ ಸಾರ್, ನಾಳೆ ಬನ್ನಿ.” ಮಾವ ನನ್ನ ಕಡೆ ತಿರುಗಿ, “ಏನಪ್ಪಾ ಅಳಿಯಾ, ಬೆಂಗಳೂರಲ್ಲಿ ಇದೇ ಕೆಲಸ ತಾನೇ ನೀನು ಮಾಡೋದು? ಸರಿ ಮಾಡು ಮತ್ತೆ” ಅಂದರು.

ಮಾವ ಅಂದಿದ್ದು ತಮಾಷೆಗೆ. ಆದರೆ ನಾನು ನಿಜಕ್ಕೂ ಮಾಡೋದು ಅದೇ ಕೆಲಸ. ಫೈಬರ್‌ನಲ್ಲಿ ಬಂದ ಬೆಳಕು ಕರೆಂಟಾದ ಮೇಲೆ, ಆ ಕರೆಂಟನ್ನು ಮುಂದಿನ ಚಿಪ್ಪಿಗೆ ಅರ್ಥವಾಗುವ ವೋಲ್ಟೇಜಾಗಿ ಮಾಡುವ ಆಂಪ್ಲಿಫೈಯರ್ ಸರ್ಕ್ಯೂಟ್‌ಗಳನ್ನು ಡಿಸೈನ್ ಮಾಡೋದು ನನ್ನ ಹೊಟ್ಟೆಪಾಡು. ಎಲ್‌ಒಎಸ್ ಅಂದರೆ ‘ಲಾಸ್ ಆಫ್ ಸಿಗ್ನಲ್’. ಬೆಳಕು ಬರ್ತಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋದು ಆ ಆಂಪ್ಲಿಫೈಯರ್‌ಗಳ ಸಾಲೇ. (ಅವತ್ತಿನ ತಪ್ಪು ಚಿಪ್ಪಿನದ್ದಲ್ಲ ಅನ್ನೋದನ್ನು ಈಗಲೇ ಹೇಳಿಬಿಡ್ತೀನಿ. ರಸ್ತೆ ಅಗಲ ಮಾಡುವಾಗ ಜೆಸಿಬಿ ಫೈಬರ್ ಕಿತ್ತುಹಾಕಿತ್ತು. ಚಿಪ್ಪು ಸತ್ಯವನ್ನೇ ಹೇಳಿತ್ತು.)

ಭಾರತ್‌ನೆಟ್ ಯೋಜನೆಗೆ ಕೇಂದ್ರ ಸಂಪುಟ ಮೊದಲು ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ, ಆಗ ಅದಕ್ಕೆ ಬೇರೆ ಹೆಸರಿತ್ತು. 2023ರ ಆಗಸ್ಟ್‌ನಲ್ಲಿ ತಿದ್ದುಪಡಿ ಮಾಡಿದ ಯೋಜನೆಗೆ ಸುಮಾರು 1.39 ಲಕ್ಷ ಕೋಟಿ ರೂಪಾಯಿ ಇಟ್ಟರು. ಈಗ ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಫೈಬರ್ ಹೋಗಿದೆ. ಡಬ್ಬಿಯ ತಂತ್ರಜ್ಞಾನದಲ್ಲಿ ಸಿ-ಡಾಟ್‌ನ ಪಾಲಿದೆ, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನಂಥ ಕಂಪನಿಗಳ ಪಾಲಿದೆ. ಅದು ಹೆಮ್ಮೆಯ ವಿಷಯವೇ. ಆದರೆ ಡಬ್ಬಿಯ ಕಿವಿ ಅನ್ನಬಹುದಾದ ಆ ಆಂಪ್ಲಿಫೈಯರ್ ಚಿಪ್ಪನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸುವವರು ನಮ್ಮಲ್ಲಿ ಇಲ್ಲ. ಇದು ಯಾಕೆ ಹೀಗೆ ಅಂತ ಕೇಳಿದರೆ, “ನಮ್ಮಲ್ಲಿ ದೊಡ್ಡ ಫ್ಯಾಬ್ ಇಲ್ವಲ್ಲ, ಧೊಲೇರಾದಲ್ಲಿ ಬರ್ತಿದೆ, ತಾಳ್ಮೆ ಇರಲಿ” ಅನ್ನೋ ಉತ್ತರ ಬರುತ್ತೆ. ಈ ಉತ್ತರ ತಪ್ಪು ಅನ್ನೋದು ನನ್ನ ವಾದ. ಅದನ್ನು ತೋರಿಸೋಕೆ ಸ್ವಲ್ಪ ಸರ್ಕ್ಯೂಟಿನ ಒಳಗೆ ಹೋಗಬೇಕಾಗುತ್ತೆ. ಹೆದರಬೇಡಿ, ಬಿಂದಿಗೆ ನೀರಿನ ಲೆಕ್ಕ ಗೊತ್ತಿದ್ರೆ ಸಾಕು.

ಪಂಚಾಯಿತಿ ಡಬ್ಬಿಯ ಎದುರಾಳಿ ಇರೋದು ತಾಲ್ಲೂಕು ಕೇಂದ್ರದ ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜ್‌ನಲ್ಲಿ. ಅದಕ್ಕೆ ಒಎಲ್‌ಟಿ ಅಂತಾರೆ. ಮೊದಲ ಹಂತದ ಭಾರತ್‌ನೆಟ್‌ನಲ್ಲಿ ಬಳಸಿದ್ದು ಜಿಪಾನ್ ಅನ್ನೋ ತಂತ್ರಜ್ಞಾನ. ಒಂದು ಫೈಬರ್ ಹೊರಟು ದಾರಿಯಲ್ಲಿ ಸ್ಪ್ಲಿಟರ್‌ಗಳಲ್ಲಿ ಕವಲೊಡೆಯುತ್ತಾ ಹಲವು ಡಬ್ಬಿಗಳನ್ನು ತಲುಪುತ್ತೆ. ಕೆಳಮುಖವಾಗಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಅದರ ಅರ್ಧ. ಲೇಸರ್‌ನಿಂದ ಹೊರಡುವಾಗ ಬೆಳಕು ಒಂದೆರಡು ಮಿಲಿವ್ಯಾಟ್. ಅಷ್ಟು ಕಿಲೋಮೀಟರ್ ನಡೆದು, ಅಷ್ಟು ಜನರಿಗೆ ಹಂಚಿಹೋಗಿ, ಕೊನೆಗೆ ಸಿಗೋದು ಕೆಲವು ಸಲ ಎರಡು ಮೈಕ್ರೋವ್ಯಾಟ್‌ಗಿಂತ ಕಡಿಮೆ. ಮಾನದಂಡದ ಪ್ರಕಾರ ಒಎಲ್‌ಟಿಯ ರಿಸೀವರ್ ಸುಮಾರು 1.6 ಮೈಕ್ರೋವ್ಯಾಟ್ ಬೆಳಕನ್ನೂ ತಪ್ಪಿಲ್ಲದೆ ಓದಬೇಕು, ಅದರ ನೂರು ಪಟ್ಟು ಜೋರಾದ ಬೆಳಕು ಬಂದರೂ ಕಣ್ಣು ಕುಕ್ಕಿಸಿಕೊಂಡು ಕುರುಡಾಗಬಾರದು.

ಅದರಲ್ಲೂ ಒಂದು ಫಜೀತಿ ಇದೆ. ಮೇಲ್ಮುಖವಾಗಿ ಎಲ್ಲ ಪಂಚಾಯಿತಿಗಳೂ ಒಂದೇ ಫೈಬರಿನಲ್ಲಿ ಸರದಿ ಪ್ರಕಾರ ಮಾತಾಡಬೇಕು. ಪಕ್ಕದ ಹಳ್ಳಿ ಕೂಗಿದ ಹಾಗೆ ಕೇಳುತ್ತೆ, ಇಪ್ಪತ್ತು ಕಿಲೋಮೀಟರ್ ಆಚೆಯ ಹಳ್ಳಿ ಪಿಸುಗುಟ್ಟಿದ ಹಾಗೆ. ಕೂಗು ಮುಗಿದು ಪಿಸುಮಾತು ಶುರುವಾದಾಗ ಹೊಂದಿಕೊಳ್ಳೋಕೆ ಆಂಪ್ಲಿಫೈಯರ್‌ಗೆ ಸಿಗೋ ಪೀಠಿಕೆಯ ಸಮಯ 44 ಬಿಟ್, ಅಂದ್ರೆ ಸುಮಾರು 35 ನ್ಯಾನೋಸೆಕೆಂಡ್. ಅಷ್ಟರಲ್ಲಿ ಅದು ತನ್ನ ಕಿವಿಯನ್ನು ಚೂಪು ಮಾಡಿಕೊಳ್ಳದಿದ್ರೆ, ದೂರದ ಹಳ್ಳಿಯ ಮಾತು ಕಳೆದೇ ಹೋಯ್ತು. ಇದಕ್ಕೆ ಬರ್ಸ್ಟ್ ಮೋಡ್ ರಿಸೀವರ್ ಅಂತ ಹೆಸರು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಸಮಸ್ಯೆ ಇದು.

ಈಗ ಬಿಂದಿಗೆ. ಬೆಳಕು ಬಿದ್ದಾಗ ಫೋಟೋಡಯೋಡ್ ಕೊಡೋದು ಒಂದೆರಡು ಮೈಕ್ರೋಆಂಪ್ ಕರೆಂಟ್. ಅದನ್ನು ಸಣ್ಣಗೆ ಬರ್ತಿರೋ ನಲ್ಲಿ ನೀರು ಅಂದ್ಕೊಳ್ಳಿ. ಕೆಳಗೆ ತೂತಿರುವ ಬಿಂದಿಗೆ. ನೀರಿನ ಮಟ್ಟವೇ ವೋಲ್ಟೇಜ್, ಬಿಂದಿಗೆಯ ಅಗಲ ಕೆಪಾಸಿಟೆನ್ಸ್, ತೂತು ಎಷ್ಟು ಕಿರಿದು ಅನ್ನೋದು ರೆಸಿಸ್ಟೆನ್ಸ್. ತೂತು ಕಿರಿದಾದಷ್ಟೂ ಮಟ್ಟ ಮೇಲೇರುತ್ತೆ, ಸಿಗ್ನಲ್ ಚೆನ್ನಾಗಿ ಕಾಣುತ್ತೆ. ಆದರೆ ತುಂಬೋಕೂ ನಿಧಾನ, ಖಾಲಿಯಾಗೋಕೂ ನಿಧಾನ. ಒಂದು ಬಿಟ್‌ನ ನೀರು ಇಳಿಯೋ ಮೊದಲೇ ಮುಂದಿನ ಬಿಟ್ ಬಂದುಬಿಡುತ್ತೆ. ಲೆಕ್ಕ ಹಾಕಿ ನೋಡಿ: ಅರ್ಧ ಪಿಕೋಫ್ಯಾರಡ್ ಕೆಪಾಸಿಟೆನ್ಸ್, 10 ಸಾವಿರ ಓಮ್ ರೆಸಿಸ್ಟರ್ ಇಟ್ಟರೆ ಬಿಂದಿಗೆಯ ಕಾಲಮಾನ 5 ನ್ಯಾನೋಸೆಕೆಂಡ್. ಜಿಪಾನ್‌ನ ಮೇಲ್ಮುಖ ಬಿಟ್ ಒಂದರ ಆಯಸ್ಸು 0.8 ನ್ಯಾನೋಸೆಕೆಂಡ್. ಆರು ಬಿಟ್‌ಗಳು ಒಂದರ ಮೇಲೊಂದು ಕೂತು ಕಲಸುಮೇಲೋಗರ.

ತೂತು ದೊಡ್ಡದು ಮಾಡಿದ್ರೆ ಆಯ್ತಲ್ಲ? ಆಗಲ್ಲ. ಯಾಕಂದ್ರೆ ರೆಸಿಸ್ಟರ್‌ಗೆ ತನ್ನದೇ ಒಂದು ಗುಂಯ್‌ಗುಡುವಿಕೆ ಇದೆ, ಶಾಖದಿಂದ ಹುಟ್ಟೋ ನಾಯ್ಸ್. ರೆಸಿಸ್ಟರ್ ಹತ್ತು ಪಟ್ಟು ಹೆಚ್ಚಿಸಿದರೆ ಸಿಗ್ನಲ್ ಹತ್ತು ಪಟ್ಟಾಗುತ್ತೆ, ನಾಯ್ಸ್ ಏರೋದು ಮೂರು ಪಟ್ಟು ಚಿಲ್ಲರೆ ಮಾತ್ರ. ಹಾಗಾಗಿ ಪಿಸುಮಾತು ಕೇಳಬೇಕಂದ್ರೆ ರೆಸಿಸ್ಟರ್ ದೊಡ್ಡದಿರಬೇಕು, ವೇಗವಾಗಿ ಕೇಳಬೇಕಂದ್ರೆ ಚಿಕ್ಕದಿರಬೇಕು. ಈ ಜಗಳವನ್ನು ಬಗೆಹರಿಸೋದೇ ಟ್ರಾನ್ಸ್‌ಇಂಪೀಡನ್ಸ್ ಆಂಪ್ಲಿಫೈಯರ್, ನಮ್ಮ ಭಾಷೆಯಲ್ಲಿ ಟಿಐಎ. ರೆಸಿಸ್ಟರನ್ನು ಆಂಪ್ಲಿಫೈಯರ್‌ನ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಹಿಂದಕ್ಕೆ ಕಟ್ಟಿಬಿಡ್ತಾರೆ. ಗೇನ್ 30 ಇದ್ದರೆ, ಬಿಂದಿಗೆಗೆ ಆ ತೂತು ಸುಮಾರು ಮೂವತ್ತು ಪಟ್ಟು ದೊಡ್ಡದಾಗಿ ಕಾಣುತ್ತೆ, ಆದರೆ ಔಟ್‌ಪುಟ್‌ನಲ್ಲಿ ಪೂರ್ತಿ 10 ಸಾವಿರ ಓಮ್‌ನ ವೋಲ್ಟೇಜ್ ಸಿಗುತ್ತೆ. ನೀರು ಬೇಗ ಇಳಿಯಿತು, ಮಟ್ಟವೂ ಕಾಣಿಸಿತು. ಓದುವಾಗ ಮೊದಲ ಸಲ ಇದು ಅರ್ಥವಾದ ದಿನ ನಾನು ಹಾಸ್ಟೆಲ್ ಊಟ ಮರೆತಿದ್ದೆ.

ಆದರೆ ಬಿಟ್ಟಿ ಊಟ ಇಲ್ಲ. ಆಂಪ್ಲಿಫೈಯರ್ ಕೂಡ ವೇಗವಾಗಿರಬೇಕು, ಇಲ್ಲದಿದ್ರೆ ಅದು ತಡವಾಗಿ ಪ್ರತಿಕ್ರಿಯಿಸಿ ಸಿಗ್ನಲ್ ಜೋಕಾಲಿ ಆಡೋಕೆ ಶುರುಮಾಡುತ್ತೆ. ಈ ಕ್ಷೇತ್ರದ ಪಠ್ಯ ಬರೆದ ಎಡುವರ್ಡ್ ಸ್ಯಾಕಿಂಗರ್ ಇದನ್ನೇ ಒಂದು ಮಿತಿಯಾಗಿ ಹೇಳ್ತಾರೆ. ಅದೇ ಟ್ರಾನ್ಸಿಸ್ಟರ್, ಅದೇ ಫೋಟೋಡಯೋಡ್ ಇಟ್ಟುಕೊಂಡು ವೇಗ ಎರಡು ಪಟ್ಟು ಮಾಡಬೇಕಂದ್ರೆ ರೆಸಿಸ್ಟರನ್ನು ಕಾಲು ಭಾಗಕ್ಕೆ ಇಳಿಸಬೇಕು. ಎಂಟು ಪಟ್ಟು ಅಂದ್ರೆ ಅರವತ್ನಾಲ್ಕನೇ ಒಂದು ಭಾಗ. ವೇಗ ಏರಿದ ಹಾಗೆ ಕಿವಿ ಅಷ್ಟು ಬೇಗ ಮಂದವಾಗುತ್ತೆ. ಅದಕ್ಕೇ ಅತಿ ವೇಗದ ಲಿಂಕ್‌ಗಳಿಗೆ ಬೇರೆಯದೇ ಟ್ರಾನ್ಸಿಸ್ಟರ್ ಬೇಕಾಗೋದು, ನಿಧಾನದವಕ್ಕೆ ಹಳೆಯವೇ ಸಾಕಾಗೋದು.

‘ಹಳೆಯವೇ ಸಾಕು’ ಅನ್ನೋ ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೊಹಾಲಿಯಲ್ಲಿ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಇದೆ. 1980ರ ದಶಕದಲ್ಲಿ ಅದು ಶುರುವಾದಾಗ ಪ್ರಪಂಚಕ್ಕಿಂತ ಬಹಳ ಹಿಂದೇನೂ ಇರಲಿಲ್ಲ. 1989ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯ್ತು, ಆಮೇಲೆ ದಶಕಗಳ ಕಾಲ ಯಾರಿಗೂ ಅದರ ನೆನಪಿರಲಿಲ್ಲ. ಈಗ ಅಲ್ಲಿರೋದು 180 ನ್ಯಾನೋಮೀಟರ್ ತಂತ್ರಜ್ಞಾನ. ಇಸ್ರೋದ ಚಿಪ್‌ಗಳು ಅಲ್ಲಿ ಆಗ್ತವೆ, ಈಚೆಗೆ ವಿದ್ಯಾರ್ಥಿಗಳ ಚಿಪ್‌ಗಳೂ. ಟ್ವಿಟರಿನಲ್ಲಿ ಇದನ್ನು ಹೀಯಾಳಿಸೋದು ಒಂದು ಹವ್ಯಾಸ: ತೈವಾನ್ 3 ನ್ಯಾನೋಮೀಟರ್, ನಾವು 180, ಹಹ್ಹಾ. ಆದರೆ ಆಂಪ್ಲಿಫೈಯರ್ ಪ್ರಪಂಚದಲ್ಲಿ ಈ ನಗುವಿಗೆ ಅರ್ಥ ಇಲ್ಲ. 180 ನ್ಯಾನೋಮೀಟರ್ ಸಿಮಾಸ್‌ನಲ್ಲಿ ಸೆಕೆಂಡಿಗೆ 2.5 ಗಿಗಾಬಿಟ್‌ನ ಟಿಐಎಗಳನ್ನು ಪ್ರಪಂಚದ ಎಷ್ಟೋ ವಿಶ್ವವಿದ್ಯಾಲಯಗಳು ಇಪ್ಪತ್ತು ವರ್ಷದ ಹಿಂದೆಯೇ ಮಾಡಿ ಪ್ರಕಟಿಸಿವೆ, 10 ಗಿಗಾಬಿಟ್‌ನವೂ ಇವೆ. ಅಂದ್ರೆ ನಮ್ಮೂರ ಪಂಚಾಯಿತಿ ಡಬ್ಬಿಗೂ ತಾಲ್ಲೂಕಿನ ಒಎಲ್‌ಟಿಗೂ ಬೇಕಾದ ಆಂಪ್ಲಿಫೈಯರನ್ನು, ನಮ್ಮಲ್ಲಿ ಈಗಾಗಲೇ ಇರುವ, ಎಲ್ಲರೂ ಗೇಲಿ ಮಾಡುವ ತಂತ್ರಜ್ಞಾನದಲ್ಲೇ ಮಾಡಬಹುದಿತ್ತು. ಭಾರತ್‌ನೆಟ್ ಶುರುವಾದಾಗಲೂ ಮಾಡಬಹುದಿತ್ತು.

ಹಾಗಾದ್ರೆ ಅಡ್ಡಿ ಏನು? ಇದನ್ನು ನಾನು ಪುಸ್ತಕದಿಂದ ಕಲಿತಿದ್ದಲ್ಲ, ಕೈ ಸುಟ್ಟುಕೊಂಡು ಕಲಿತಿದ್ದು.

ಎಂ.ಟೆಕ್‌ನಲ್ಲಿ ನನ್ನ ಪ್ರಾಜೆಕ್ಟ್ ಒಂದು ಟಿಐಎ. 180 ನ್ಯಾನೋಮೀಟರ್, 2.5 ಗಿಗಾಬಿಟ್. ಸಿಮ್ಯುಲೇಶನ್‌ನಲ್ಲಿ ಎಲ್ಲ ಚಂದ. ಹೊರದೇಶದ ಫ್ಯಾಬ್ ಒಂದರಲ್ಲಿ, ಹತ್ತಾರು ಜನರ ಡಿಸೈನ್ ಒಟ್ಟಿಗೆ ಕೂರಿಸೋ ಹಂಚಿಕೆ ವೇಫರ್‌ನಲ್ಲಿ ಜಾಗ ಸಿಕ್ಕಿತು. ಚಿಪ್ ಬರೋಕೆ ತಿಂಗಳುಗಳು ಹಿಡಿದವು. ಪವರ್ ಕೊಟ್ಟ ಕೂಡಲೇ, ಇನ್‌ಪುಟ್ ಏನೂ ಕೊಡದೇನೇ, ಅದು ತಾನಾಗೇ ಆಸಿಲೇಟ್ ಆಗೋಕೆ ಶುರುವಾಯ್ತು. ಆಂಪ್ಲಿಫೈಯರ್ ಮಾಡೋಕೆ ಹೋಗಿ ಪೀಪಿ ಮಾಡಿದ್ದೆ. ತಪ್ಪು ನನ್ನದೇ. ಚಿಪ್ಪನ್ನು ಪ್ಯಾಕೇಜಿನ ಕಾಲಿಗೆ ಜೋಡಿಸೋ ಕೂದಲಿನಷ್ಟು ತೆಳ್ಳಗಿನ ತಂತಿ ಇರುತ್ತಲ್ಲ, ಅದರ ಪ್ರತಿ ಮಿಲಿಮೀಟರಿಗೂ ಸುಮಾರು ಒಂದು ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುತ್ತೆ. ಇನ್‌ಪುಟ್ ಹಂತಕ್ಕೂ ಔಟ್‌ಪುಟ್ ಹಂತಕ್ಕೂ ಒಂದೇ ಗ್ರೌಂಡ್ ತಂತಿ ಕೊಟ್ಟಿದ್ದೆ. ಔಟ್‌ಪುಟ್‌ನ ದೊಡ್ಡ ಕರೆಂಟ್ ಆ ತಂತಿಯಲ್ಲಿ ಅಲುಗಾಡಿದಾಗೆಲ್ಲ ಇನ್‌ಪುಟ್‌ನ ನೆಲವೇ ಅಲುಗಾಡುತ್ತಿತ್ತು. ಪಿಸುಮಾತು ಕೇಳಬೇಕಾದವನು ತನ್ನ ಕೂಗನ್ನೇ ಕೇಳಿಸಿಕೊಂಡು ಮತ್ತೆ ಕೂಗಿದ ಹಾಗೆ. ಗ್ರೌಂಡ್ ಬೇರೆ ಮಾಡಬೇಕಿತ್ತು, ಚಿಪ್ಪಿನೊಳಗೇ ಡಿಕಪ್ಲಿಂಗ್ ಕೆಪಾಸಿಟರ್ ತುಂಬಬೇಕಿತ್ತು, ಫೋಟೋಡಯೋಡ್‌ನ ಪ್ರತಿಬಿಂಬದಂಥ ಇನ್ನೊಂದು ಇನ್‌ಪುಟ್ ಇಟ್ಟು ಡಿಫರೆನ್ಶಿಯಲ್ ಮಾಡಬೇಕಿತ್ತು. ಈ ಬುದ್ಧಿ ಬಂದಿದ್ದು ಚಿಪ್ ಕೆಟ್ಟ ಮೇಲೆ.

ಎರಡನೇ ಸಲ ಮಾಡಿದ್ರೆ ಖಂಡಿತ ಕೆಲಸ ಮಾಡುತ್ತಿತ್ತು. ಎರಡನೇ ಸಲ ಅನ್ನೋದೇ ಇರಲಿಲ್ಲ. ದುಡ್ಡು ಮುಗಿದಿತ್ತು, ಕೋರ್ಸ್ ಮುಗಿದಿತ್ತು. ಟೆಸ್ಟ್ ಮಾಡಿದ್ದೂ ಅಷ್ಟೇ: ಬಿಟ್ ತಪ್ಪುಗಳನ್ನು ಎಣಿಸೋ ಉಪಕರಣ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಬೇರೆ ಸಂಸ್ಥೆಯೊಂದರಲ್ಲಿ ಬೇಡಿಕೊಂಡು ಅರ್ಧ ದಿನ ಸಿಕ್ಕಿತ್ತು, ಅದರಲ್ಲಿ ಒಂದು ಗಂಟೆ ಸರಿಯಾದ ಕೇಬಲ್ ಹುಡುಕೋದ್ರಲ್ಲಿ ಹೋಯ್ತು. ಹೆಚ್ಚು ವೇಗದ ಆಸಿಲೋಸ್ಕೋಪ್ ಒಂದರ ಬೆಲೆ ಕೋಟಿ ದಾಟುತ್ತೆ, ಆ ಲೆಕ್ಕದಲ್ಲಿ ಅವರು ಅರ್ಧ ದಿನ ಕೊಟ್ಟಿದ್ದೇ ದೊಡ್ಡದು.

ಡಿಜಿಟಲ್ ಚಿಪ್ಪಿಗೂ ಇದಕ್ಕೂ ಇರೋ ವ್ಯತ್ಯಾಸ ಇದು. ಪ್ರೊಸೆಸರ್ ಡಿಸೈನನ್ನು ಎಫ್‌ಪಿಜಿಎ ಮೇಲೆ ಹಾಕಿ ನೂರು ಸಲ ತಪ್ಪು ಮಾಡಿ ಕಲಿಯಬಹುದು. ಆಂಪ್ಲಿಫೈಯರನ್ನು ಕಲಿಯೋಕೆ ಸಿಲಿಕಾನ್ ಬೇಕು, ಪ್ಯಾಕೇಜ್ ಬೇಕು, ಅಳೆಯೋ ಯಂತ್ರ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಎರಡನೇ, ಮೂರನೇ ಅವಕಾಶ ಬೇಕು.

ಈಗ ನಮ್ಮ ದುಡ್ಡು ಎಲ್ಲಿ ಹೋಗ್ತಿದೆ ನೋಡಿ. 2021ರ ಡಿಸೆಂಬರಿನಲ್ಲಿ ಕೇಂದ್ರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಕಾರ್ಯಕ್ರಮ ಘೋಷಿಸಿತು. ಧೊಲೇರಾದಲ್ಲಿ ಟಾಟಾ ಮತ್ತು ತೈವಾನಿನ ಪಿಎಸ್‌ಎಂಸಿ ಸೇರಿ ಕಟ್ಟುತ್ತಿರುವ ಫ್ಯಾಬ್‌ನ ವೆಚ್ಚ 91,000 ಕೋಟಿ. ಫ್ಯಾಬ್‌ಗಳಿಗೆ ಕೇಂದ್ರ ಕೊಡೋದು ಯೋಜನಾ ವೆಚ್ಚದ ಶೇ 50. ಅದೂ ಕಂಪನಿ ಖರ್ಚು ಮಾಡುತ್ತಾ ಹೋದ ಹಾಗೆ ಸರಿಸಮವಾಗಿ, ರಾಜ್ಯ ಸರ್ಕಾರದ್ದು ಬೇರೆ. ಡಿಸೈನ್ ಮಾಡುವ ಸಣ್ಣ ಕಂಪನಿಗೂ ಒಂದು ಯೋಜನೆ ಇದೆ, ಡಿಎಲ್‌ಐ. ಅಲ್ಲೂ ಶೇ 50, ಆದರೆ ಅರ್ಜಿಗೆ ಗರಿಷ್ಠ 15 ಕೋಟಿ. ಮುಖ್ಯವಾಗಿ ಅದು ಮರುಪಾವತಿ: ಮೊದಲು ನೀನು ಖರ್ಚು ಮಾಡು, ಬಿಲ್ ತಗೊಂಡು ಬಾ, ಆಮೇಲೆ ನೋಡೋಣ. ದೊಡ್ಡವರ ಜೊತೆ ಸರ್ಕಾರ ಹೆಗಲು ಕೊಟ್ಟು ನಡೆಯುತ್ತೆ, ಸಣ್ಣವರಿಗೆ ಊರು ತಲುಪಿದ ಮೇಲೆ ಬಸ್ ಚಾರ್ಜ್ ವಾಪಸ್ ಕೊಡುತ್ತೆ.

ಒಳ್ಳೆಯದನ್ನೂ ಹೇಳಬೇಕು. ಚಿಪ್ ಡಿಸೈನ್ ಸಾಫ್ಟ್‌ವೇರ್‌ಗಳು ಬಡ ಕಾಲೇಜುಗಳ ಕೈಗೆ ಸಿಗೋದೇ ಅಲ್ಲ. ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರ ಈಗ ಅವನ್ನು ದೇಶದ ತುಂಬ ಕಾಲೇಜುಗಳಿಗೆ ತಲುಪಿಸುತ್ತಿದೆ. 85,000 ಇಂಜಿನಿಯರ್‌ಗಳನ್ನು ತಯಾರು ಮಾಡುವ ಸಿ2ಎಸ್ ಕಾರ್ಯಕ್ರಮದ ಅಡಿ ವಿದ್ಯಾರ್ಥಿಗಳ ಡಿಸೈನ್‌ಗಳು ಮೊಹಾಲಿಯಲ್ಲಿ ಚಿಪ್ ಆಗುತ್ತಿವೆ. ನನ್ನ ಕಾಲಕ್ಕೆ ಇದಿದ್ದಿದ್ರೆ ಅಂತ ಹೊಟ್ಟೆಕಿಚ್ಚಾಗುತ್ತೆ. ಆದರೆ ಈ ಕಾರ್ಯಕ್ರಮಕ್ಕೆ ಇಟ್ಟಿದ್ದು 250 ಕೋಟಿ. 91,000ದ ಪಕ್ಕ ಇಟ್ಟು ನೋಡಿ. ಮತ್ತೆ ಆ ವಿದ್ಯಾರ್ಥಿಯ ಚಿಪ್ ಕೆಲಸ ಮಾಡಿತು ಅಂತಲೇ ಇಟ್ಕೊಳ್ಳಿ, ಮುಂದೆ? ಅದನ್ನು ಕೊಳ್ಳೋರು ಯಾರು?

ಇಲ್ಲಿ ಭಾರತ್‌ನೆಟ್ ಬರುತ್ತೆ. ಸರ್ಕಾರಿ ಖರೀದಿಯಲ್ಲಿ ಸ್ವದೇಶಿ ಆದ್ಯತೆಗೆ 2017ರ ಆದೇಶ ಇದೆ. ಅದರಲ್ಲಿ ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರ ಅನ್ನಿಸಿಕೊಳ್ಳೋಕೆ ಮೌಲ್ಯದ ಅರ್ಧದಷ್ಟು ಸ್ಥಳೀಯವಾಗಿದ್ದರೆ ಸಾಕು. ಆಂಪ್ಲಿಫೈಯರ್ ಚಿಪ್ಪು ಬಹಳ ಅಗ್ಗ. ಡಬ್ಬಿಯ ಬೆಲೆಯಲ್ಲಿ ಅದರ ಪಾಲು ಕಣ್ಣಿಗೆ ಕಾಣದಷ್ಟು. ಹಾಗಾಗಿ ಕಿವಿ ಪೂರ್ತಿ ವಿದೇಶಿಯಾಗಿದ್ದರೂ ಡಬ್ಬಿ ಸ್ವದೇಶಿ ಪರೀಕ್ಷೆ ಪಾಸಾಗುತ್ತೆ. ಶೇಕಡಾವಾರು ಲೆಕ್ಕಕ್ಕೆ ದುಬಾರಿ ವಸ್ತು ಕಾಣುತ್ತೆ, ಕಷ್ಟದ ವಸ್ತು ಕಾಣಲ್ಲ. 2021ರ ಜೂನ್‌ನಿಂದ ಟೆಲಿಕಾಂ ಉಪಕರಣಗಳಿಗೆ ‘ನಂಬಿಕಸ್ಥ ಮೂಲ’ದ ನಿಯಮವೂ ಇದೆ, ಆದರೆ ಅದು ಭದ್ರತೆಯ ಪ್ರಶ್ನೆ. ಈ ಸರ್ಕ್ಯೂಟನ್ನು ಡಿಸೈನ್ ಮಾಡೋಕೆ ನಮ್ಮಲ್ಲಿ ಯಾರಿಗೆ ಬರುತ್ತೆ ಅನ್ನೋ ಪ್ರಶ್ನೆಯನ್ನು ಅದು ಕೇಳಲ್ಲ.

ಅಷ್ಟು ಅಗ್ಗದ ಚಿಪ್ಪಿಗೆ ಇಷ್ಟೊಂದು ರಾದ್ಧಾಂತ ಯಾಕೆ, ಆಮದು ಮಾಡ್ಕೊಂಡ್ರೆ ಆಯ್ತಪ್ಪ ಅನ್ನೋರಿಗೆ ನನ್ನ ಉತ್ತರ ಡೇಟಾ ಸೆಂಟರ್‌ಗಳಲ್ಲಿದೆ. ಎಐ ಅಂದ ಕೂಡಲೇ ಎಲ್ಲರೂ ಜಿಪಿಯು ಅಂತಾರೆ. ಸಾವಿರಾರು ಜಿಪಿಯುಗಳು ಒಂದರ ಜೊತೆ ಒಂದು ಮಾತಾಡೋದು ಫೈಬರಿನಲ್ಲೇ. ಈಗ ಅಲ್ಲಿ ಓಡೋ 800 ಗಿಗಾಬಿಟ್ ಮಾಡ್ಯೂಲ್‌ನಲ್ಲಿ ಸಾಮಾನ್ಯವಾಗಿ 100 ಗಿಗಾಬಿಟ್‌ನ ಎಂಟು ಸಾಲು. ಪ್ರತಿ ಸಾಲಿಗೂ ಒಂದು ಟಿಐಎ. ಅಲ್ಲಿ ಬೆಳಕು ಇದೆ, ಇಲ್ಲ ಅನ್ನೋ ಎರಡೇ ಮಟ್ಟ ಅಲ್ಲ, ನಾಲ್ಕು ಮಟ್ಟ. ಒಂದೊಂದು ಸಂಕೇತದ ಆಯಸ್ಸು ಸುಮಾರು 19 ಪಿಕೋಸೆಕೆಂಡ್, ಅಷ್ಟರಲ್ಲಿ ಬೆಳಕೇ ಗಾಳಿಯಲ್ಲಿ ಆರು ಮಿಲಿಮೀಟರ್ ದಾಟಲ್ಲ. ನಾಲ್ಕು ಮಟ್ಟಗಳ ನಡುವಿನ ಅಂತರ ಮೂರನೇ ಒಂದು ಭಾಗಕ್ಕೆ ಇಳಿಯೋದ್ರಿಂದ ನಾಯ್ಸ್ ಇನ್ನೂ ಕಡಿಮೆ ಇರಬೇಕು, ಆಂಪ್ಲಿಫೈಯರ್ ಎಲ್ಲ ಮಟ್ಟಗಳನ್ನೂ ಸಮಾನವಾಗಿ ಹಿಗ್ಗಿಸಬೇಕು. ನನ್ನನ್ನು ಕೆಡಿಸಿದ ಆ ಒಂದು ಮಿಲಿಮೀಟರ್ ತಂತಿ ಇಲ್ಲಿ ಸುಮ್ಮನೆ ಗೋಡೆಯೇ ಸರಿ: 30 ಗಿಗಾಹರ್ಟ್ಜ್‌ನಲ್ಲಿ ಅದೊಂದೇ 190 ಓಮ್‌ನಷ್ಟು ಅಡ್ಡ ನಿಲ್ಲುತ್ತೆ. ಈ ಕೆಲಸಕ್ಕೆ 180 ನ್ಯಾನೋಮೀಟರ್ ಆಗಲ್ಲ. ಸಿಲಿಕಾನ್-ಜರ್ಮೇನಿಯಂ ಟ್ರಾನ್ಸಿಸ್ಟರ್ ಅಥವಾ ಬಹಳ ಮುಂದುವರಿದ ಸಿಮಾಸ್ ಬೇಕು.

ಇದರ ಬೆಲೆ ಎಷ್ಟು ಅಂತೀರಾ? ಇಂಥ ಆಂಪ್ಲಿಫೈಯರ್‌ಗಳಿಗೆ ಹೆಸರಾಗಿದ್ದ ಇನ್‌ಫೈ ಅನ್ನೋ ಕಂಪನಿಯನ್ನು ಮಾರ್ವೆಲ್ 2021ರಲ್ಲಿ ಕೊಂಡಿತು. ವ್ಯವಹಾರ ಘೋಷಿಸಿದಾಗ ಅದರ ಬೆಲೆ ಸುಮಾರು 1,000 ಕೋಟಿ ಡಾಲರ್. ರೂಪಾಯಿ ಅಲ್ಲ. ಚೀನಾದ ದಾರಿ ನೋಡಿ. ಮನೆ ಮನೆಗೆ ಫೈಬರ್ ಎಳೆಯುವಾಗ ಅವರು ಅಗ್ಗದ ಮಾಡ್ಯೂಲ್‌ಗಳನ್ನೇ ಕೋಟಿಗಟ್ಟಲೆ ಮಾಡಿದರು. ಇವತ್ತು ಸುಝೌನ ಇನ್ನೋಲೈಟ್ 800 ಗಿಗಾಬಿಟ್ ಮಾಡ್ಯೂಲ್‌ಗಳ ಅತಿ ದೊಡ್ಡ ಪೂರೈಕೆದಾರರಲ್ಲಿ ಒಂದು. ಹಾಗಿದ್ದೂ ಒಳಗಿನ ಅತಿ ವೇಗದ ಚಿಪ್‌ಗಳಿಗೆ ಅಮೆರಿಕದ ಕಂಪನಿಗಳ ಕಡೆಯೇ ನೋಡಬೇಕಾಗಿದೆ. ಡಬ್ಬಿ ಮಾಡೋದು ಬೇರೆ, ಕಿವಿ ಮಾಡೋದು ಬೇರೆ ಅನ್ನೋದು ಅವರಿಗೂ ಅರ್ಥವಾಗಿದೆ. ಅಗ್ಗದ ಮೆಟ್ಟಿಲು ಹತ್ತದೆ ಮೇಲಿನ ಮೆಟ್ಟಿಲಿಗೆ ಹಾರಿದವರು ಯಾರೂ ನನಗೆ ಕಾಣಲಿಲ್ಲ. ಭಾರತ್‌ನೆಟ್ ನಮ್ಮ ಅಗ್ಗದ ಮೆಟ್ಟಿಲಾಗಿತ್ತು. ನಾವದನ್ನು ಬರೀ ಗುತ್ತಿಗೆಯಾಗಿ ನೋಡಿದೆವು.

ವ್ಯಂಗ್ಯ ಏನಂದ್ರೆ ಆ ಮೇಲಿನ ಮೆಟ್ಟಿಲಿನ ಕೆಲಸ ನಮ್ಮೂರಲ್ಲೇ ನಡೀತಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಇಲ್ಲಿ ಚಿಪ್ ಡಿಸೈನ್ ನಡೆದಿದೆ. ಪ್ರಪಂಚದ ಚಿಪ್ ಡಿಸೈನರ್‌ಗಳಲ್ಲಿ ಐದರಲ್ಲಿ ಒಬ್ಬರು ಭಾರತದವರು ಅಂತ ಸರ್ಕಾರವೇ ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೆ. ನಾನೂ ಆ ಐದರಲ್ಲಿ ಒಬ್ಬನ ಲೆಕ್ಕದಲ್ಲಿ ಇದ್ದೀನಿ. ಸಂಬಳ ಚೆನ್ನಾಗಿದೆ, ದೂರಲ್ಲ. ಆದರೆ ಯಾವ ಚಿಪ್ ಬೇಕು, ಯಾವ ಫ್ಯಾಬ್‌ಗೆ ಹೋಗಬೇಕು, ಯಾರಿಗೆ ಮಾರಬೇಕು ಅನ್ನೋದು ತೀರ್ಮಾನ ಆಗೋದು ಬೇರೆ ಖಂಡದಲ್ಲಿ. ನಾನು ಮಾಡಿದ ಸರ್ಕ್ಯೂಟ್ ಮೇಲಿನ ಹಕ್ಕೂ ಅಲ್ಲೇ.

ಈ ಹಿನ್ನೆಲೆಯಲ್ಲಿ, ಫ್ಯಾಬ್ ಯಾವ ರಾಜ್ಯಕ್ಕೆ ಹೋಯ್ತು ಅನ್ನೋ ಜಗಳ ನನಗೆ ಅರ್ಧ ಮಾತ್ರ ಅರ್ಥವಾಗುತ್ತೆ. ಪ್ರಿಯಾಂಕ್ ಖರ್ಗೆಯವರು ಗುಜರಾತ್, ಅಸ್ಸಾಂ ಬಗ್ಗೆ ಎತ್ತಿದ ಪ್ರಶ್ನೆಯಲ್ಲಿ ನ್ಯಾಯ ಇದೆ. ನಮ್ಮ ಮೈಸೂರಿನ ಕೇನ್ಸ್ ಕಂಪನಿಯೇ ತನ್ನ ಚಿಪ್ ಪ್ಯಾಕೇಜಿಂಗ್ ಘಟಕವನ್ನು ಸಾನಂದದಲ್ಲಿ ಹಾಕಿದಾಗ ಹೊಟ್ಟೆ ಉರಿಯೋದು ಸಹಜ. ಆದರೆ ಧೊಲೇರಾದ ಕಟ್ಟಡ ನಾಳೆ ದೇವನಹಳ್ಳಿಗೆ ಬಂದರೂ ಪಂಚಾಯಿತಿ ಡಬ್ಬಿಯ ಕಿವಿ ನಮ್ಮದಾಗಲ್ಲ. ಆ ಫ್ಯಾಬ್ ಘೋಷಿಸಿರೋದು 28ರಿಂದ 110 ನ್ಯಾನೋಮೀಟರ್, ಪವರ್ ಚಿಪ್ಪು, ಡಿಸ್‌ಪ್ಲೇ ಡ್ರೈವರ್, ಮೈಕ್ರೋಕಂಟ್ರೋಲರ್‌ಗಳಿಗೆ. ಅಲ್ಲಿ ಸಣ್ಣವರ ಡಿಸೈನ್‌ಗಳಿಗೆ ಹಂಚಿಕೆ ವೇಫರ್‌ನಲ್ಲಿ ಜಾಗ ಇರುತ್ತಾ? ಅರ್ಧ ಖರ್ಚು ಜನರದ್ದು ಅಂದ ಮೇಲೆ ವರ್ಷಕ್ಕೆ ಇಷ್ಟು ಹಂಚಿಕೆ ವೇಫರ್ ಓಡಿಸಲೇಬೇಕು ಅನ್ನೋ ಷರತ್ತನ್ನು ನಮ್ಮ ಸಂಸದರು, ಯಾವ ಪಕ್ಷದವರಾದರೂ ಸರಿ, ಕೇಳಬಹುದಿತ್ತು.

ಜರ್ಮನಿಯ ಫ್ರಾಂಕ್‌ಫರ್ಟ್ ಆನ್ ದಿ ಓಡರ್‌ನಲ್ಲಿ ಐಎಚ್‌ಪಿ ಅನ್ನೋ ಸಾರ್ವಜನಿಕ ಸಂಶೋಧನಾ ಸಂಸ್ಥೆ ಇದೆ. ತನ್ನ 130 ನ್ಯಾನೋಮೀಟರ್ ಸಿಲಿಕಾನ್-ಜರ್ಮೇನಿಯಂ ತಂತ್ರಜ್ಞಾನದ ಡಿಸೈನ್ ಕಿಟ್ಟನ್ನು ಅದು ಮುಕ್ತ ಪರವಾನಗಿಯಲ್ಲಿ ಇಂಟರ್ನೆಟ್ಟಿಗೆ ಹಾಕಿದೆ. ಆ ಟ್ರಾನ್ಸಿಸ್ಟರ್‌ಗಳು 300 ಗಿಗಾಹರ್ಟ್ಜ್ ಮಟ್ಟದವು, ಡೇಟಾ ಸೆಂಟರ್ ಟಿಐಎಗೆ ಬೇಕಾದಂಥವೇ. ಹಾಸನದ ಹುಡುಗಿಯೊಬ್ಬಳು ಇವತ್ತು ರಾತ್ರಿ ಅದನ್ನು ಇಳಿಸಿಕೊಂಡು, ಒಂದು ರೂಪಾಯಿ ಕೊಡದೆ, ಯಾವ ಗೋಪ್ಯತಾ ಒಪ್ಪಂದಕ್ಕೂ ಸಹಿ ಹಾಕದೆ ಸರ್ಕ್ಯೂಟ್ ಬರೆಯಬಹುದು. ಮೊಹಾಲಿಯ ಕಿಟ್ ಅವಳಿಗೆ ಹಾಗೆ ಸಿಗಲ್ಲ. ಅದು ಸಿಗಬೇಕಂದ್ರೆ ಕಾಲೇಜು ಯೋಜನೆಯಲ್ಲಿರಬೇಕು, ಸಹಿಗಳಾಗಬೇಕು. ಇಪ್ಪತ್ತು ವರ್ಷಕ್ಕೂ ಹಳೆಯ 180 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಬಚ್ಚಿಡೋದಕ್ಕೆ ಏನಿದೆ ಅನ್ನೋದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಇದೆಲ್ಲ ಆದರೂ ಪೂರ್ತಿ ಸ್ವಾವಲಂಬನೆ ಬರುತ್ತೆ ಅಂತ ನಾನು ಹೇಳ್ತಿಲ್ಲ. ಆಂಪ್ಲಿಫೈಯರ್ ಪಕ್ಕದ ಫೋಟೋಡಯೋಡ್ ಮಾಡೋದು ಇಂಡಿಯಂ ಫಾಸ್ಫೈಡ್ ಮೇಲೆ. 2025ರ ಫೆಬ್ರುವರಿಯಲ್ಲಿ ಚೀನಾ ಅದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಗ್ಯಾಲಿಯಂ, ಜರ್ಮೇನಿಯಂಗೆ 2023ರಲ್ಲೇ ಮಾಡಿತ್ತು. ಮೊಹಾಲಿಗೂ ಮಿತಿಗಳಿವೆ. ಅದು ಸಣ್ಣ ಫ್ಯಾಬ್, ಇಸ್ರೋಗೆ ಮೊದಲ ಮಣೆ, ಲಕ್ಷಗಟ್ಟಲೆ ಅಗ್ಗದ ಚಿಪ್ ಸುರಿಯೋಕೆ ಕಟ್ಟಿದ್ದಲ್ಲ. ಅಲ್ಲಿ ಮಾಡಿದ ಟಿಐಎ ಆಮದಿನದಕ್ಕಿಂತ ದುಬಾರಿಯೂ ಆಗಬಹುದು. ಆಗಲಿ. ಮುಂದಿನ ಹಂತದ ಭಾರತ್‌ನೆಟ್ ಖರೀದಿಯಲ್ಲಿ ನೂರಕ್ಕೆ ಐದು ಡಬ್ಬಿಗಳ ರಿಸೀವರ್ ಇಲ್ಲೇ ಡಿಸೈನ್ ಆಗಿರಬೇಕು ಅಂತ ಬರೆದರೆ ಸಾಕು. ಅದಕ್ಕಾಗೋ ಹೆಚ್ಚುವರಿ ಖರ್ಚು 1.39 ಲಕ್ಷ ಕೋಟಿಯ ಲೆಕ್ಕದಲ್ಲಿ ಕಾಣಿಸೋದೇ ಇಲ್ಲ. ಆದರೆ ಯಾರೋ ನಾಲ್ಕು ಜನ ಇಂಜಿನಿಯರ್‌ಗಳಿಗೆ ಎರಡನೇ ಚಿಪ್ ಮಾಡೋ ಅವಕಾಶ ಸಿಗುತ್ತೆ.

ಜೊತೆಗೆ ಅಳೆಯೋ ಯಂತ್ರ. ಇದು ರಾಜ್ಯ ಸರ್ಕಾರದ ಕೈಯಲ್ಲೇ ಇದೆ, ದೆಹಲಿಯನ್ನು ಬೈಯಬೇಕಾಗಿಲ್ಲ. ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ, ಎಲ್ಲಾದರೂ ಒಂದು ಕಡೆ ಹೈಸ್ಪೀಡ್ ಟೆಸ್ಟ್ ಲ್ಯಾಬ್ ಮಾಡಿ, ಒಳ್ಳೆಯ ಆಸಿಲೋಸ್ಕೋಪ್, ಬಿಟ್ ತಪ್ಪು ಎಣಿಸೋ ಉಪಕರಣ, ಪ್ರೋಬ್ ಸ್ಟೇಶನ್ ಇಟ್ಟು, ಯಾವ ಕಾಲೇಜಿನವರು ಬೇಕಾದರೂ ಆನ್‌ಲೈನ್‌ನಲ್ಲಿ ದಿನ ಕಾಯ್ದಿರಿಸೋ ಹಾಗೆ ಮಾಡಲಿ. ಒಂದು ಫ್ಲೈಓವರ್‌ನ ಒಂದು ಕಂಬದ ದುಡ್ಡು. ಅದನ್ನು ನೋಡಿಕೊಳ್ಳೋಕೆ ಖಾಯಂ ಟೆಕ್ನೀಷಿಯನ್ ಇರಲಿ, ಸರಿಯಾದ ಕೇಬಲ್‌ಗಳು ಬೀರುವಿನಲ್ಲಿ ಇರಲಿ, ಬೀರುವಿನ ಕೀ ಆ ಟೆಕ್ನೀಷಿಯನ್ ಹತ್ತಿರಾನೇ ಇರಲಿ.